ಪ್ರೊಜೆಸ್ಟೆರಾನೂ ಕಳ್ಳ ಕುಬಸವೂ

ಈಚೆಗೆ ನನಗೆ ಕೋಪ ಬಂದರೆ ಅದು ನನ್ನದೋ ಮಾತ್ರೆಯದೋ ಎಂದು ತಿಳಿಯುವುದಿಲ್ಲ. ದಾದರಿನಲ್ಲಿ ಲೋಕಲ್ ಬದಲಿಸುವಾಗ ಯಾರಾದರೂ ಮೊಣಕೈಯಲ್ಲಿ ತಿವಿದರೆ ಮೊದಲೆಲ್ಲ ಚೆನ್ನಾಗಿ ಬೈಯುತ್ತಿದ್ದೆ. ಈಗ ಬಾಯಿ ತೆರೆಯುವ ಮೊದಲೇ ಕಣ್ಣಲ್ಲಿ ನೀರು. ತಿವಿದವಳೇ ಗಾಬರಿಯಾಗಿ 'ಸಾರಿ, ಸಾರಿ' ಎನ್ನುತ್ತಾಳೆ. ಸಯನ್ನಿನ ಮನೆಯಿಂದ ವಿಲೆ ಪಾರ್ಲೆಯ ಆಫೀಸು ತಲುಪುವಷ್ಟರಲ್ಲಿ ಅತ್ತು, ತೂಕಡಿಸಿ, ಬೆವರಿ ಮುಗಿದಿರುತ್ತದೆ. ಮುಂಬಯಿಯಲ್ಲಿ ಬೆವರಿಗೆ ಮಾತ್ರ ಯಾರೂ ಕಾರಣ ಕೇಳುವುದಿಲ್ಲ, ಅದೊಂದು ಪುಣ್ಯ.

ವಿಷಯ ಇಷ್ಟೇ. ಮಗು ಬೇಕೆಂದು ನಾನೂ ನನ್ನವರೂ ಆಸ್ಪತ್ರೆಗೆ ಅಲೆಯತೊಡಗಿ ಕೆಲವು ವರ್ಷಗಳಾದವು. ಇದೇ ಕೊನೆಯ ಸಲ ಎಂದು ಪ್ರತಿ ಸಲವೂ ಅಂದುಕೊಂಡಿದ್ದೇವೆ. ಓದಿದವಳೆಂಬ ಜಂಬ ನನಗೆ ಸ್ವಲ್ಪ ಇರುವುದರಿಂದ, ಒಳಗೆ ಏನು ನಡೆಯುತ್ತದೆಂದು ಓದಿಕೊಂಡೆ. ನೋಡಿದರೆ ಅದು ಥೇಟು ನಮ್ಮ ಬಿಲ್ಡಿಂಗಿನ ಸೊಸೈಟಿ. ಮೆದುಳಿನ ತಳದಲ್ಲಿ ಹೈಪೊಥಲಾಮಸ್ ಎಂಬ ಚೇರ್ಮನ್. ಅವನ ಕೆಳಗೆ ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಎಂಬ ಸೆಕ್ರೆಟರಿ. ಚೇರ್ಮನ್ ಚೀಟಿ ಕಳಿಸಿದರೆ ಸೆಕ್ರೆಟರಿ ಅಂಡಾಶಯಕ್ಕೆ ನೋಟೀಸು ಹೊರಡಿಸುತ್ತಾನೆ. ಅಂಡ ಬಲಿಯುತ್ತದೆ, ಈಸ್ಟ್ರೊಜೆನ್ ಎಂಬ ಹಾರ್ಮೋನು ಏರುತ್ತದೆ, ಗರ್ಭಕೋಶದಲ್ಲಿ ಹಾಸಿಗೆ ಸಿದ್ಧವಾಗುತ್ತದೆ. ಅಂಡ ಹೊರಬಿದ್ದ ಮೇಲೆ ಪ್ರೊಜೆಸ್ಟೆರಾನ್ ಆ ಹಾಸಿಗೆಯನ್ನು ಕಾದುಕೊಂಡು ಕೂರುತ್ತದೆ. ಅತಿಥಿ ಬರದಿದ್ದರೆ ಎಲ್ಲವನ್ನೂ ಸುತ್ತಿ ಹೊರಗೆಸೆಯುವುದು, ಮುಂದಿನ ತಿಂಗಳು ಮತ್ತೆ ಶುರು. ಗಂಡಸರಿಗೂ ಇದೇ ಸೆಕ್ರೆಟರಿಯೇ. ಆದರೆ ಅವರ ಕಡೆ ಹೀಗೆ ಪ್ರತಿ ತಿಂಗಳೂ ಹಾಸಿಗೆ ಸುತ್ತುವ ಕೆಲಸವಿಲ್ಲ.

ನನ್ನ ಸೊಸೈಟಿ ಸರಿಯಾಗಿ ನಡೆಯದ್ದರಿಂದ ಎಲ್ಲ ನೋಟೀಸುಗಳೂ ಹೊರಗಿನಿಂದ, ಸೂಜಿಯ ಮೂಲಕ ಬರುತ್ತಿದ್ದವು. ಲ್ಯಾಬಿನಲ್ಲಿ ಬೆಳೆಸಿದ ಭ್ರೂಣವನ್ನು ಗರ್ಭಕೋಶದ ಒಳಗಿಟ್ಟ ಮೇಲೆ ಪ್ರೊಜೆಸ್ಟೆರಾನ್ ಮಾತ್ರೆ ಕೊಟ್ಟರು. ಅದರ ಕುಚೋದ್ಯ ಕೇಳಿ. ಬಸಿರಾದವಳಿಗೆ ಏನೇನಾಗಬೇಕೋ ಅದನ್ನೆಲ್ಲ ಅದು ಬಸಿರಾಗದವಳಿಗೂ ಮಾಡುತ್ತದೆ. ಎದೆ ನೋವು, ಓಕರಿಕೆ, ಕೂತಲ್ಲೇ ನಿದ್ದೆ. ನಿಜ ತಿಳಿಯಲು ಎರಡು ವಾರ ಕಾದು ರಕ್ತ ಪರೀಕ್ಷೆ ಮಾಡಿಸಬೇಕು. ಭ್ರೂಣ ನೆಲೆಯೂರಿದ್ದರೆ ತಾನೇ ಒಂದು ಹಾರ್ಮೋನು ಕಳಿಸಿ 'ಬಂದಿದ್ದೇನೆ' ಎನ್ನುತ್ತದಂತೆ.

ನಮ್ಮ ಜೊತೆಗೇ ಇರುವ ಅತ್ತೆಗೆ ಇದ್ಯಾವುದೂ ಗೊತ್ತಿರಲಿಲ್ಲ. ಸೂಜಿ, ಮಾತ್ರೆ ಎಲ್ಲ ವಿಟಮಿನ್ ಎಂದು ಹೇಳಿದ್ದೆವು. ಅವರಿಗೆ ಆಸೆ ಹುಟ್ಟಿಸಿ, ಅದನ್ನೂ ನಾವೇ ಹೊರುವಷ್ಟು ಶಕ್ತಿ ನಮಗಿರಲಿಲ್ಲ. ಆದರೆ ಅವರಿಗೂ ಕಣ್ಣಿದೆಯಲ್ಲ. ಒಗ್ಗರಣೆಯ ವಾಸನೆಗೆ ನಾನು ಬಾತ್‌ರೂಮಿಗೆ ಓಡಿದ್ದನ್ನು ನೋಡಿದರು. ಮರುದಿನ ಭಾನುವಾರ. ಅವರ ಮಗ ಹೊರಗೆ ಹೋದದ್ದೇ ತಡ, ನನ್ನನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿ, ಕೈತುಂಬ ಹಸಿರು ಬಳೆ ತೊಡಿಸಿ, ಕುಬಸಕ್ಕೆಂದು, ಅಂದರೆ ರವಿಕೆಗೆಂದು, ಹಸಿರು ಬಟ್ಟೆ ಉಡಿಗಿಟ್ಟು, ಬಾಯಿಗೆ ಹೋಳಿಗೆ ತುರುಕಿದರು.

"ಯಾರ ಮುಂದೂ ಹೇಳಬ್ಯಾಡ ಯವ್ವಾ," ಎಂದರು.

ನಾನು ಮೈಸೂರಿನವಳು, ಅವರು ವಿಜಯಪುರದವರು. ಶ್ರಾವಣದಲ್ಲಿ ಅವರ ಕಡೆ ವಾರಕ್ಕೊಂದು ಪೂಜೆ ಇದ್ದೇ ಇರುತ್ತದೆ, ಇದೂ ಅಂಥದ್ದೇ ಎಂದುಕೊಂಡೆ. ಗುಟ್ಟು ಯಾಕೆಂದರೆ ಚೆಂಬೂರಿನಲ್ಲಿರುವ ಅವರ ಕಿರಿಯ ಸೊಸೆಗೆ ಬಟ್ಟೆ ಕೊಟ್ಟಿಲ್ಲವಲ್ಲ, ಅದಕ್ಕೇ ಇರಬೇಕು! ನಮಸ್ಕಾರ ಮಾಡಿ ಇನ್ನೊಂದು ಹೋಳಿಗೆ ಕೇಳಿ ಹಾಕಿಸಿಕೊಂಡೆ. ಅವರ ಪಾಲಿಗೆ ಅನುಮಾನ ಅಲ್ಲಿಗೆ ಮುಗಿಯಿತು.

ಸಂಜೆ ಬಂದ ನನ್ನವರು ಬಳೆ ನೋಡಿ ಮಂಚದ ಮೇಲೆ ಕುಸಿದರು. "ಅವ್ವ ಕಳ್ಳ ಕುಬಸ ಮಾಡ್ಯಾಳ. ಬಸುರಿ ಆದಾಕಿಗೆ ಮನಿಯೊಳಗ ಗುಟ್ಟಾಗಿ ಮಾಡೋದದು. ನೀ ಬ್ಯಾಡ ಅನ್ನಲಿಲ್ಲೇನು?"

ಬೇಡ ಎನ್ನಲು ಗೊತ್ತಿದ್ದರಲ್ಲವೇ! ಆಗಲೇ ಹೋಗಿ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಕುಬಸವೇ ನಿಜವಾಗಿಬಿಟ್ಟರೆ ಎಂಬ ಆಸೆ. ಆಸೆಗೂ ಒಂದು ಹಾರ್ಮೋನು ಇರಬೇಕು, ಎಷ್ಟು ಸೂಜಿ ಚುಚ್ಚಿದರೂ ಅದು ಇಳಿಯುವುದಿಲ್ಲ.

ರಿಪೋರ್ಟು ಬಂತು. ಯಾರೂ 'ಬಂದಿದ್ದೇನೆ' ಎಂದಿರಲಿಲ್ಲ. ಡಾಕ್ಟರು ಮುಂದಿನ ತಿಂಗಳು ಇನ್ನೊಮ್ಮೆ ನೋಡೋಣ ಎಂದರು. ನನ್ನವರು ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಸೂಜಿ, ಮಾತ್ರೆ, ವಿಟಮಿನ್ನಿನ ಸುಳ್ಳು, ಮುಂದಿನ ತಿಂಗಳು. ಅವರ ಕೈ ನಿಂತಿತು. ಅವರ ಮುಖ ನೋಡುವುದು ನನ್ನಿಂದಾಗಲಿಲ್ಲ.

"ನಂಗ ಮೊಮ್ಮಗ ಬೇಕು ಯವ್ವಾ, ಸುಳ್ಳು ಯಾಕ ಹೇಳ್ಲಿ," ಎಂದರು, ಸೊಪ್ಪನ್ನು ಪಕ್ಕಕ್ಕೆ ಸರಿಸಿ. "ಅದು ನನ್ನ ಮಾತಾತು. ನಿನಗ ಸಾಕು ಅನಿಸೇತೇನು?"

ಇಷ್ಟು ವರ್ಷ ಎಲ್ಲರೂ ನನ್ನ ರಕ್ತವನ್ನು ಕೇಳಿದ್ದರು, ಸ್ಕ್ಯಾನನ್ನು ಕೇಳಿದ್ದರು, ಮುಟ್ಟಿನ ತಾರೀಖು ಕೇಳಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ.

"ಸಾಕು ಅತ್ತೆ," ಎಂದೆ.