ಕೊಬ್ಬರಿ ಸಕ್ಕರೆಯ ಪರೀಕ್ಷೆ

ಇಂದು ಭಾನುವಾರ. ಚಿತ್ರದುರ್ಗದ ನಮ್ಮ ಹಾಸ್ಟೆಲಿನ ಮೆಸ್, ಮಧ್ಯಾಹ್ನದ ಊಟ. ಸ್ನೇಹಿತರೇ, ಮುದ್ದೆ ಮುರಿಯುವ ಮುಂಚೆ ನಾನು ಒಂದು ಕ್ಷಣ ಕಣ್ಣು ಮುಚ್ಚಿ ಪ್ರಾರ್ಥಿಸಿದೆ. ನಾನು ಓದುವ ಅನುವಾದಿತ ಕಾದಂಬರಿಗಳಲ್ಲಿ ಎಲ್ಲರೂ ಊಟಕ್ಕೆ ಮುಂಚೆ ಹೀಗೆ ಮಾಡುತ್ತಾರೆ, ಯಾರೂ ಗಮನಿಸುವುದಿಲ್ಲ. ರೂಂಮೇಟ್ ಸುಧಾ ಗಮನಿಸಿದಳು.

“ಏನೇ, ಚರ್ಚಿಗೆ ಹೋಗ್ತಿದೀಯಂತೆ? ಏನ್ ಕೊಡ್ತಾರೆ ಅಲ್ಲಿ?”

ಕೆಮಿಸ್ಟ್ರಿಯಲ್ಲಿ ಫೇಲಾದ ವಾರ ಸೀನಿಯರ್ ಗ್ರೇಸಕ್ಕ ನನ್ನನ್ನು ಪ್ರಾರ್ಥನೆಗೆ ಕರೆದುಕೊಂಡು ಹೋಗಿದ್ದರು. ಅವರ ಅಷ್ಟೊಂದು ಅಕ್ಕರೆಯ ಮೇಲೆ ನನಗೂ ಅನುಮಾನವಿತ್ತು. ಆದರೆ ಆಮೇಲೆ ರೂಮಿನಲ್ಲಿ ಒಬ್ಬಳೇ ಪ್ರಾರ್ಥಿಸಿದಾಗಲೂ ಮನಸ್ಸು ಹಗುರವಾಯಿತು. ಆಗ ಗ್ರೇಸಕ್ಕ ಅಲ್ಲಿರಲಿಲ್ಲ.

ನಾನು ಮುದ್ದೆ ಮುರಿದೆ. ಸುಧಾ ಊರಿಂದ ತಂದಿದ್ದ ಮಾರಮ್ಮನ ಪ್ರಸಾದವನ್ನು ನನ್ನ ತಟ್ಟೆಗೆ ಹಾಕಿದಳು, ಕೊಬ್ಬರಿ ಸಕ್ಕರೆ.

“ತಿನ್ನು ನೋಡಾಣ. ಇಲ್ಲಾಂದ್ರೆ ನಿಮ್ಮವ್ವಂಗೆ ಫೋನ್ ಮಾಡ್ತೀನಿ.”

ತಿಂದೆ. ಅವಳು ಪಕ್ಕದವಳ ಕಡೆ ತಿರುಗಿದಳು. “ನೋಡ್ದೇನೇ? ಮುಚ್ಚಿಡಾಕೆ ತಿಂತಾಳೆ!”

ಸಂಜೆ ಗ್ರೇಸಕ್ಕನಿಗೆ ಇದನ್ನು ಹೇಳಿದೆ. ಅವರು ನಗಲಿಲ್ಲ. “ತಿಂದೇಬಿಟ್ಯಾ? ನಿಂಗೆ ನಿಜವಾಗ್ಲೂ ನಂಬಿಕೆ ಐತಾ?” ಒಂದೇ ತುತ್ತಿಗೆ ಎರಡೂ ಕಡೆಯವರ ಅನುಮಾನ ಗಟ್ಟಿಯಾಯಿತು.

ನಾನು ಯೇಸುವನ್ನು ನಂಬುತ್ತೇನೆ ಎಂದು ಅವ್ವನಿಗೆ ನಾನೇ ಫೋನ್ ಮಾಡಿ ಹೇಳಲು ತೀರ್ಮಾನಿಸಿದ್ದೇನೆ. ಇನ್ನೂ ಮಾಡಿಲ್ಲ. ಅವ್ವ ಇಂಥ ಪೋಸ್ಟ್‌ಗಳನ್ನು ಓದುವವಳಲ್ಲ. ಸುಧಾ ಓದುತ್ತಾಳೆ, ಹಾಗಾಗಿ ನನಗೆ ಹೆಚ್ಚು ಹೊತ್ತಿಲ್ಲ.