ಕಾಲಿಗೆ ತಿಳಿಯುವ ನೆಲಹಾಸು

ಆ ಬೀದಿಯವರು ಅವನನ್ನು ಕೀಲಿಕೈ ಎಂದೇ ಕರೆಯುತ್ತಿದ್ದರು. ಬೀಗ ರಿಪೇರಿಯ ಗೂಡಂಗಡಿ, ಗೋಡೆಯ ತುಂಬ ನೇತುಹಾಕಿದ ಕೀಲಿಗಳು, ಮಧ್ಯದಲ್ಲಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಅವನು. ವಯಸ್ಸು ಐವತ್ತೆಂಟು, ಮದುವೆಯ ಗೋಜಿಗೆ ಹೋದವನಲ್ಲ. ಎಂಟು ವರ್ಷ ದೊಡ್ಡವಳಾದ ಅಕ್ಕನ ಜೊತೆ, ಮೇಲಂತಸ್ತಿನ ಎರಡು ಕೋಣೆಯ ಮನೆಯಲ್ಲಿ ವಾಸ. ಅಕ್ಕ ಅಂಗಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬರೀ ಕಾಲರು ಹೊಲಿದವಳು. ಅವಳ ನಾಲಿಗೆಯೂ ಕಾಲರಿನ ಹಾಗೆ, ಗಂಜಿ ಹಾಕಿ ನಿಲ್ಲಿಸಿದ್ದು.

ಎರಡು ವರ್ಷದಿಂದ ಅಕ್ಕನ ಕಣ್ಣು ಮಂಜಾಗುತ್ತಿತ್ತು. ಅವಳು ಹೇಳಲಿಲ್ಲ, ಇವನಿಗೆ ಗೊತ್ತಾಗಲಿಲ್ಲ. ದಿನವಿಡೀ ಬೀಗದ ತೂತಿನೊಳಗೆ ಇಣುಕುವವನಿಗೆ ಎದುರಿಗೆ ಕೂತವಳ ಕಣ್ಣು ಕಾಣಲಿಲ್ಲ. ದೀಪದ ಬುಡದಲ್ಲೇ ಕತ್ತಲು.

ಆ ಮನೆಯಲ್ಲಿ ಕೋಣೆಗಳ ಹೊರಗೆ ಓಡಾಡಲು ಓಣಿಯಂಥ ಒಂದು ಸಣ್ಣ ನಡೆಯಿತ್ತು. ನಡೆಯ ಕೊನೆಗೆ ಎರಡು ಬಾಗಿಲು, ಅಕ್ಕಪಕ್ಕದಲ್ಲೇ. ಎಡಗಡೆಯದು ಬಚ್ಚಲಿನದು, ಬಲಗಡೆಯದು ಕೆಳಗಿಳಿಯುವ ಮೆಟ್ಟಿಲಿನದು. ಒಂದು ಬೆಳಿಗ್ಗೆ ಅಕ್ಕ ಬಚ್ಚಲಿಗೆಂದು ಬಲಗಡೆಯ ಬಾಗಿಲು ತೆಗೆದು ಕಾಲಿಟ್ಟಳು. ನಾಲ್ಕು ಮೆಟ್ಟಿಲು ಉರುಳಿ ಎಡಗೈ ಮಣಿಕಟ್ಟು ಮುರಿಯಿತು.

ಪಟ್ಟಿ ಹಾಕಿಸಲು ಹೋದಲ್ಲಿ ಕಣ್ಣಿನ ಡಾಕ್ಟರಿಗೂ ತೋರಿಸಿದರು. ಡಾಕ್ಟರು ಸುತ್ತಿಬಳಸಲಿಲ್ಲ. "ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿದೆ. ಹೋಗಿದ್ದು ಬರಲ್ಲ. ಉಳಿದಿರೋದನ್ನ ಎಷ್ಟು ದಿನ ಹಿಡಿದಿಡೋಕಾಗುತ್ತೋ ನೋಡೋಣ."

ಆ ಸಂಜೆಯೇ ಅವನು ತನಗೆ ಗೊತ್ತಿದ್ದ ಉಪಾಯ ಮಾಡಿದ. ಮೆಟ್ಟಿಲಿನ ಬಾಗಿಲಿಗೆ, ಹೊರಗಿನಿಂದ ಹಾಕುವಂತೆ, ಒಂದು ಗಟ್ಟಿ ಚಿಲಕ ಬಿಗಿದ. ಡ್ರಿಲ್ಲಿನ ಸದ್ದಿಗೆ ಅಕ್ಕ ಗೋಡೆ ಹಿಡಿದುಕೊಂಡು ಬಂದಳು.

"ಏನದು?"

"ಚಿಲಕ. ನಾನು ಅಂಗಡಿಗೆ ಹೋದಾಗ ನಿನಗೆ ಅಪಾಯ ಆಗಬಾರದಲ್ಲ."

"ಓಹೋ. ಬೆಳಿಗ್ಗೆ ಕೂಡಿ ಹಾಕಿ ಹೋಗ್ತೀಯ, ಸಂಜೆ ಬಂದು ಬಿಡಿಸ್ತೀಯ. ನಾನೇನು ಕೋಳಿನಾ?"

"ಅಕ್ಕ, ಬೀಳ್ತೀಯ ಕಣೆ."

"ಬಿದ್ರೆ ನಾನು ಬೀಳ್ತೀನಿ. ಬಿಚ್ಚು ಅದನ್ನ."

ಅವನು ಬಿಚ್ಚಿದ. ಬಾಗಿಲಿನಲ್ಲಿ ನಾಲ್ಕು ತೂತು ಉಳಿದವು. ಎರಡು ದಿನ ಇಬ್ಬರಿಗೂ ಮಾತಿಲ್ಲ.

ಮೂರನೆಯ ದಿನ ಉಣ್ಣೆ ಅಂಗಡಿಯ ಒಡತಿ ಅವನನ್ನು ಕರೆಸಿದಳು. ಅವಳ ಗಾಜಿನ ಕಪಾಟಿನ ಬೀಗ ಸಿಕ್ಕಿಹಾಕಿಕೊಂಡಿತ್ತು. ಬೀಗ ತೆಗೆದದ್ದೇ ಒಳಗಿದ್ದ ಸೂಜಿಯಂಥದೊಂದು ಸಲಕರಣೆ ಅವನ ಕಣ್ಣು ಸೆಳೆಯಿತು. ಮರದ ಹಿಡಿ, ತುದಿಯಲ್ಲಿ ಕೊಕ್ಕೆ, ಕೊಕ್ಕೆಗೆ ತೆಗೆದು ಮುಚ್ಚುವ ಪುಟ್ಟದೊಂದು ಚಿಲಕ. ಬೀಗದವನ ಕೈ ಸುಮ್ಮನಿರುತ್ತದೆಯೇ? ಚಿಲಕವನ್ನು ಬೆರಳಿನಿಂದ ನಾಲ್ಕು ಸಲ ತೆಗೆದು ಮುಚ್ಚಿದ.

"ಇದೇನು ಮೇಡಂ?"

"ನೆಲಹಾಸು ಮಾಡೋ ಕೊಕ್ಕೆ. ನೋಡಿ, ಕಲಿಯೋಕೆ ಐದು ನಿಮಿಷ ಸಾಕು. ಮುಗಿಸೋಕೆ ಮಾತ್ರ ತಾಳ್ಮೆ ಬೇಕು," ಎಂದು ಅವಳು ಜಾಲರಿಯಂಥ ದಪ್ಪ ಬಟ್ಟೆಯೊಂದನ್ನು ಹರಡಿದಳು. ಬೆರಳುದ್ದದ ಉಣ್ಣೆಯ ತುಂಡನ್ನು ಮಡಚಿ ಕೊಕ್ಕೆಯ ಕತ್ತಿಗೆ ಸುತ್ತಿದಳು. ಜಾಲರಿಯ ಒಂದು ಎಳೆಯ ಅಡಿಯಿಂದ ಕೊಕ್ಕೆ ತೂರಿಸಿದಳು. ಚಿಲಕ ತೆರೆದುಕೊಂಡಿತು. ಉಣ್ಣೆಯ ಎರಡೂ ತುದಿಗಳನ್ನು ಅದರ ಬಾಯಿಗೆ ಕೊಟ್ಟು ಹಿಂದಕ್ಕೆಳೆದಳು. ಚಿಲಕ ತಾನೇ ಮುಚ್ಚಿತು, ಗಂಟು ಬಿತ್ತು.

ಬೀಗ ಹಾಕುವುದಕ್ಕೇ ಚಿಲಕ ಎಂದುಕೊಂಡಿದ್ದವನಿಗೆ ಇದು ಹೊಸದು. ಅವನು ಕೊಕ್ಕೆ, ಜಾಲರಿ ಬಟ್ಟೆ, ನಾಲ್ಕು ಉಂಡೆ ಉಣ್ಣೆ ಕೊಂಡು ಮನೆಗೆ ಬಂದ. ಮೆಟ್ಟಿಲಿನ ಬಾಗಿಲ ಮುಂದೆ ಒಂದು ನೆಲಹಾಸು ಹಾಕಿದರೆ ಅಕ್ಕನ ಕಾಲಿಗೆ ಗುರುತು ಸಿಗುತ್ತದೆ ಎಂಬುದು ಅವನ ಲೆಕ್ಕ.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಇವನೂ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಒಂದು ತಾಸು, ಬಂದ ಮೇಲೆ ಎರಡು ತಾಸು ಗಂಟು ಹಾಕಿದ. ವಾರದ ಹೊತ್ತಿಗೆ ಅಂಗೈ ಅಗಲದ ಹಾಸು ಎದ್ದಿತು. ಅಕ್ಕನ ಮಡಿಲಿಗೆ ಇಟ್ಟ.

ಅಕ್ಕ ಬಲಗೈ ಬೆರಳಾಡಿಸಿದಳು. ಒಂದೆಳೆ ಎಳೆದಳು, ಕಿತ್ತು ಬಂತು. ಇನ್ನೊಂದು ಎಳೆದಳು, ಅದೂ ಬಂತು.

"ಗಂಟಾ ಇದು? ಹಾಕಿದ ಮೇಲೆ ಎರಡೂ ತುದಿ ಹಿಡಿದು ಜಗ್ಗಬೇಕು. ಅಂಚು ಯಾಕೆ ಎಳೆ ಬಿಡ್ತಿದೆ? ಬಟ್ಟೆ ಎರಡು ಬೆರಳಷ್ಟು ಹಿಂದಕ್ಕೆ ಮಡಚಿ, ಎರಡು ಪದರ ಸೇರಿಸಿ ಗಂಟು ಹಾಕೋ. ಈ ಸಾಲು ಬಲಕ್ಕೆ ಮಲಗಿದೆ, ಆ ಸಾಲು ಎಡಕ್ಕೆ. ನಡುವೆ ಕೈ ಬದಲಾಯಿಸಿದೆಯಾ?"

"ಕೈ ನೋವು ಬಂತು, ತಿರುಗಿ ಕೂತೆ."

"ಎಷ್ಟು ಬೇಕಾದ್ರೂ ತಿರುಗಿ ಕೂತ್ಕೋ, ಗಂಟು ಮಾತ್ರ ಒಂದೇ ದಿಕ್ಕಿಗೆ ಎಳಿ." ಹಾಸನ್ನು ಅಂಗೈಯಿಂದ ಒತ್ತಿ ನೋಡಿ ಕೇಳಿದಳು: "ಎಲ್ಲಿಗೆ ಇದು?"

"ಮೆಟ್ಟಿಲಿನ ಬಾಗಿಲಿಗೆ."

"ಇಷ್ಟು ಮೆತ್ತಗಿದ್ರೆ ಕಾಲು ಬಾ ಅನ್ನುತ್ತೆ. ಅಲ್ಲಿ ಕಾಲನ್ನ ಗದರಿಸೋ ಥರ ಇರಬೇಕು."

ಹೆಸರೆತ್ತದಿದ್ದರೂ, ಮನೆಯಲ್ಲಿ ಕಣ್ಣಿನ ವಿಷಯ ಅಕ್ಕನ ಬಾಯಿಂದ ಬಂದದ್ದು ಅದೇ ಮೊದಲು. ಅವನು ಹಾಕಿದ್ದ ಗಂಟುಗಳನ್ನೆಲ್ಲ ಬಿಚ್ಚಿದ.

ಆಮೇಲೆ ಅಕ್ಕ ಹೇಳುವುದು, ಅವನು ಮಾಡುವುದು. ರಟ್ಟಿನ ಪಟ್ಟಿಗೆ ಉಣ್ಣೆ ಸುತ್ತಿ ಒಂದೇ ಬದಿಯಲ್ಲಿ ಬ್ಲೇಡು ಎಳೆದರೆ ಎಲ್ಲ ತುಂಡೂ ಒಂದೇ ಅಳತೆ. ಅದು ಕಾರ್ಖಾನೆಯ ಬುದ್ಧಿ. ಬಚ್ಚಲಿನ ಬಾಗಿಲಿಗೆ ಉದ್ದ ಎಳೆಯ, ಕಾಲು ಹುದುಗುವ ಮೆತ್ತನೆಯ ಹಾಸು. ಮೆಟ್ಟಿಲಿನ ಬಾಗಿಲಿಗೆ ಸೆಣಬಿನ ಹುರಿ, ಗಿಡ್ಡಗೆ ಕತ್ತರಿಸಿ ಎರಡು ಸಾಲು ಗಂಟು, ಒಂದು ಸಾಲು ಖಾಲಿ. ಬರಿಗಾಲಿಟ್ಟರೆ ಉಬ್ಬುತಗ್ಗು ಚುರುಕ್ಕೆನ್ನುತ್ತಿತ್ತು. ಮೆತ್ತನೆಯದು ಒಂದಕ್ಕೇ ನಾಲ್ಕು ಸಾವಿರಕ್ಕೂ ಹೆಚ್ಚು ಗಂಟು. ಅಕ್ಕನ ಕೈಯ ಪಟ್ಟಿ ಬಿಚ್ಚುವ ಹೊತ್ತಿಗೆ ಎರಡೂ ಮುಗಿದವು. ಅಕ್ಕ ಎರಡರ ಮೇಲೂ ನಿಂತು ನೋಡಿದಳು. "ಪರವಾಗಿಲ್ಲ," ಎಂದಳು. ಅಕ್ಕನ ಬಾಯಲ್ಲಿ ಅದು ದೊಡ್ಡ ಮಾತು.

ಆರು ತಿಂಗಳು ಏನೂ ಆಗಲಿಲ್ಲ. ಒಂದು ಭಾನುವಾರ ಅವನು ಎರಡನ್ನೂ ಒಗೆದು ಒಣಹಾಕಿದ. ಸೋಮವಾರ ಬೆಳಿಗ್ಗೆ ಗಡಿಬಿಡಿಯಲ್ಲಿ ನೆಲಕ್ಕೆ ಹಾಸಿ ಅಂಗಡಿಗೆ ಓಡಿದ. ಕೀಲಿಯೊಂದಕ್ಕೆ ಅರ ಹಾಕುತ್ತಿದ್ದಾಗ ಕೈ ಹಾಗೇ ನಿಂತಿತು. ಮೆತ್ತನೆಯದನ್ನು ಹಾಕಿದ್ದು ಬಲಗಡೆ, ಮೆಟ್ಟಿಲಿನ ಬಾಗಿಲಿಗೆ!

ಗಿರಾಕಿಯನ್ನೂ ತೆರೆದ ಅಂಗಡಿಯನ್ನೂ ಬಿಟ್ಟು ಬಿದ್ದಂಬೀಳ ಓಡಿದ. ಮೆಟ್ಟಿಲು ಖಾಲಿಯಿತ್ತು. ಮೇಲೆ ಹತ್ತಿ ಬಾಗಿಲು ತೆಗೆದರೆ, ಅಕ್ಕ ನಡೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು, ಒಂದೊಂದು ಹಾಸಿನ ಮೇಲೆ ಒಂದೊಂದು ಕಾಲು.

"ಬಂದೆಯಾ? ಒಂದು ತಾಸಾಯ್ತು ಕೂತು."

ಅವನಿಗೆ ಏದುಸಿರು. "ಬಿದ್ದೆಯಾ?"

"ಬೀಳಲಿಲ್ಲ. ಎಡಗೈ ಬಚ್ಚಲ ಕಡೆ ಗೋಡೆ ಮೇಲಿತ್ತು, ಕಾಲ ಕೆಳಗೆ ಒರಟು. ಈ ಕಡೆ ಬಂದೆ, ಮೆತ್ತಗಿದೆ, ಆದ್ರೆ ಎಡಗೈಗೆ ಗೋಡೆ ಸಿಗಲಿಲ್ಲ. ಗೋಡೆ ಒಂದು ಹೇಳ್ತು, ನೆಲ ಒಂದು ಹೇಳ್ತು. ಗೋಡೆ ಜಾಗ ಬಿಟ್ಟು ಹೋಗಲ್ಲ, ತಪ್ಪು ನಿನ್ನದೇ ಅನ್ನಿಸ್ತು. ಆದ್ರೂ ಪರೀಕ್ಷೆ ಮಾಡೋಕೆ ಧೈರ್ಯ ಬರಲಿಲ್ಲ. ಕೂತೆ."

ಅವನು ಗೋಡೆಗೊರಗಿ ಅಲ್ಲೇ ಕುಸಿದು ಕೂತ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡ, ಮೂಗು ಎಳೆದ. ಅಕ್ಕನಿಗೆ ಅದು ಕೇಳಿಸಿತು.

"ಅಳೋದಾದ್ರೆ ಆಮೇಲೆ ಅಳು. ಮೊದಲು ಬಚ್ಚಲಿಗೆ ಕರ್ಕೊಂಡು ಹೋಗು ಮಾರಾಯ. ಒಂದು ತಾಸು ಅಂದೆನಲ್ಲ."

ಆ ದಿನವೇ ಅವನು ಎರಡೂ ಹಾಸುಗಳ ಅಂಚಿಗೆ ಹಿತ್ತಾಳೆಯ ಪಟ್ಟಿ ಕೂರಿಸಿ ನೆಲಕ್ಕೆ ತಿರುಪು ಬಿಗಿದ. ಒಗೆಯುವುದಿದ್ದರೆ ಅಲ್ಲೇ ಬ್ರಷ್ಷು ಹಾಕಿ ತಿಕ್ಕುತ್ತಿದ್ದ.

ಅಕ್ಕ ಕೊಕ್ಕೆಯನ್ನು ತನ್ನ ಕೈಗೆ ತೆಗೆದುಕೊಂಡಳು. ಕಾಲರು ಹೊಲಿಯಲು ಬೇಕಾದ ಕಣ್ಣು ಈ ಕೆಲಸಕ್ಕೆ ಬೇಕಿರಲಿಲ್ಲ. ಜಾಲರಿಯ ಮನೆಗಳನ್ನು ಉಗುರಿನಿಂದ ಎಣಿಸುತ್ತಿದ್ದಳು. ಉಣ್ಣೆ ಅಂಗಡಿಯ ಒಡತಿ ಹೊಸದಾಗಿ ಕಲಿಯುವ ಇಬ್ಬರನ್ನು ಅವಳ ಬಳಿಗೆ ಕಳಿಸಿದಳು. ಒಬ್ಬಳು ಬೈಗುಳ ತಾಳಲಾರದೆ ಎರಡನೆಯ ದಿನವೇ ಬಿಟ್ಟಳು. ಇನ್ನೊಬ್ಬಳು ಉಳಿದಳು.

ಮುಂದಿನ ವರ್ಷದ ಒಂದು ಬೆಳಿಗ್ಗೆ ಟೀ ಕುಡಿಯುತ್ತ ಅಕ್ಕ, ಹಾಲು ಮುಗಿದಿದೆ ಎನ್ನುವ ಧಾಟಿಯಲ್ಲಿ ಹೇಳಿದಳು: "ಇವತ್ತು ಕಿಟಕಿಯೂ ಕಾಣಿಸ್ತಿಲ್ಲ."

ಅವನು ಲೋಟ ಕೆಳಗಿಟ್ಟ. "ಭಯ ಆಗ್ತಿದೆಯಾ ಅಕ್ಕ?"

"ಆಗ್ತಿದೆ," ಎಂದಳು ಅಕ್ಕ. "ಟೀ ಆರಿಹೋಗುತ್ತೆ, ಕುಡಿ."

ಅವನು ಕುಡಿದ. ದಿನಾ ಒಂಬತ್ತಕ್ಕೇ ತೆಗೆಯುವ ಅಂಗಡಿಯ ಬಾಗಿಲನ್ನು ಆ ದಿನ ತೆಗೆದದ್ದು ಹನ್ನೊಂದು ಗಂಟೆಗೆ.