ಒಂದೇ ಫೋಟೋ, ಎರಡು ಶಾಲೆ

ಮಂಡ್ಯದ ಕಾಲೇಜೊಂದರಲ್ಲಿ ಪದವಿಯ ಕೊನೆಯ ವರ್ಷದವರಿಗೆ ನಾನು ತನಿಖಾ ವರದಿಗಾರಿಕೆ ಕಲಿಸುತ್ತಿದ್ದೆ. ನೋಟ್ಸ್ ಬರೆಸಿ ಮುಗಿಸಬಹುದಿತ್ತು. ಆದರೆ ಪತ್ರಿಕೆಯಲ್ಲಿ ವರ್ಷಗಟ್ಟಲೆ ದುಡಿದು ಬಂದವಳಿಗೆ ಅದಕ್ಕೆ ಮನಸ್ಸು ಬರಲಿಲ್ಲ. "ನಿಮ್ಮೂರಿನ ಬಗ್ಗೆ ಸರ್ಕಾರಿ ಕಾಗದ ಒಂದು ಹೇಳುತ್ತೆ, ಕಣ್ಣಿಗೆ ಇನ್ನೊಂದು ಕಾಣುತ್ತೆ. ಅಂಥದ್ದೊಂದನ್ನ ಹುಡುಕಿಕೊಂಡು ಬನ್ನಿ" ಎಂದೆ.

ಮಳವಳ್ಳಿ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ತಾನು ಓದಿದ ಶಾಲೆಯನ್ನೇ ಆರಿಸಿಕೊಂಡಳು. ಅಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಇನ್ನೂ ಬಾಗಿಲೇ ಇರಲಿಲ್ಲ. "ಸಂಜೆಗಂಟ ನೀರೇ ಕುಡೀತಿರ್ಲಿಲ್ಲ ಮೇಡಂ ನಾವು" ಎಂದಳು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದಳು. ಬಂದ ಉತ್ತರದಲ್ಲಿ ದುರಸ್ತಿ ಪೂರ್ಣಗೊಂಡಿದೆ ಎಂದಿತ್ತು. ಜೊತೆಗೊಂದು ಫೋಟೋ: ಗುಲಾಬಿ ಬಣ್ಣದ ಗೋಡೆ, ನೀಲಿ ಬಾಗಿಲು.

ಫೋಟೋದ ನಡುವೆ ಇರುವುದನ್ನು ಬಿಟ್ಟು ಮೂಲೆಯಲ್ಲಿರುವುದನ್ನು ನೋಡಿ ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದೆ. ಮದ್ದೂರು ಕಡೆಯ ಇನ್ನೊಬ್ಬ ಹುಡುಗಿ ಆ ಕಾಗದವನ್ನು ಕಿತ್ತುಕೊಂಡು ನೋಡಿದವಳೇ ಕೂಗಿದಳು: "ಲೇ, ಇದು ನಮ್ಮೂರ ಇಸ್ಕೂಲು ಕಣೆ! ಆ ನಲ್ಲಿ ಪೈಪು ನಾನು ಏಳ್ನೇ ಕ್ಲಾಸಲ್ಲಿದ್ದಾಗ್ಲೂ ಅಂಗೇ ಸೊಟ್ಟಗಿತ್ತು."

ಭಾನುವಾರ ಇಬ್ಬರೂ ಅಲ್ಲಿಗೆ ಹೋಗಿ, ಅದೇ ಜಾಗದಲ್ಲಿ ನಿಂತು ಫೋಟೋ ತೆಗೆದರು. ಸೊಟ್ಟ ಪೈಪು, ಕಿಟಕಿಯ ಕೆಳಗಿನ ಬಿರುಕು, ಹಿಂದಿನ ತೆಂಗಿನ ಮರ, ಎಲ್ಲವೂ ತಾಳೆಯಾದವು. ಮದ್ದೂರು ಕಡೆಯ ಬಾಗಿಲನ್ನು ತೋರಿಸಿ ಮಳವಳ್ಳಿ ಕಡೆಯ ಮಕ್ಕಳಿಗೆ ಮೋಸ ಮಾಡಿದ್ದರು.

ಆರೋಪ ಹೊತ್ತವರನ್ನು ಕೇಳದೆ ಏನನ್ನೂ ಪ್ರಕಟಿಸಬಾರದು ಎಂದೆ. ಮಳವಳ್ಳಿ ಕಡೆಯ ಹುಡುಗಿ ನನ್ನ ಎದುರೇ, ಆ ಉತ್ತರಕ್ಕೆ ಸಹಿ ಹಾಕಿದ್ದ ಇಂಜಿನಿಯರಿಗೆ ಫೋನ್ ಮಾಡಿ, ಫೋಟೋದ ವಿಷಯ ಕೇಳಿದಳು. ಆ ಮನುಷ್ಯ ತಿರುಗಿ ಕೇಳಿದ್ದು ಒಂದೇ ಮಾತು: "ಯಾವೂರಮ್ಮ ನಿಂದು? ಯಾರ ಮಗ್ಳು ನೀನು?"

ಮಾರನೆಯ ದಿನ ಪ್ರಾಂಶುಪಾಲರು, ಮೇಲಿನಿಂದ ಫೋನ್ ಬಂತೆಂದು, ನನ್ನನ್ನು ಕರೆಸಿದರು. ಸಿಲಬಸ್ ತೆಗೆದು, ತನಿಖಾ ವರದಿ ಎಂದಿದ್ದ ಪುಟವನ್ನು ಅವರ ಮೇಜಿನ ಮೇಲಿಟ್ಟೆ. ಅವರು ಅದನ್ನು ನೋಡಲೂ ಇಲ್ಲ. "ಪಾಠ ಮಾಡಿ ಮೇಡಂ. ತನಿಖೆ ಮಾಡಿಸ್ಬೇಡಿ" ಎಂದರು. ಸಿಟ್ಟಿನಲ್ಲಿ ಪುಟವನ್ನು ಎತ್ತಿಕೊಂಡು ಹೊರಬಂದೆ.

ಮಧ್ಯಾಹ್ನ ಹುಡುಗಿಯ ತಂದೆ ಬಂದರು. ಬೆಳಗ್ಗೆಯೇ ಪಂಚಾಯಿತಿಯ ಇಬ್ಬರು ಅವರ ಮನೆಗೆ ಹೋಗಿ, ಮಗಳನ್ನು ಸುಮ್ಮನಿರಿಸಿ ಎಂದಿದ್ದರಂತೆ. "ನೀವು ಪಾಠ ಮುಗಿಸ್ಕೊಂಡು ಮನೆಗೋಯ್ತೀರ ಕಣಮ್ಮ. ನಾವು ಅದೇ ಊರ್ನಲ್ಲಿ ಬದುಕ್ಬೇಕು" ಎಂದು ನನ್ನ ಮುಖ ನೋಡಿದರು. ಅವರ ಮೇಲೆ ಸಿಟ್ಟು ಮಾಡಲು ನನಗೆ ಯಾವ ಹಕ್ಕೂ ಇರಲಿಲ್ಲ.

ಹಾಗಾಗಿ ಕಾಲೇಜಿನ ಜಾಲತಾಣದಲ್ಲಿದ್ದ ನಮ್ಮ ತರಗತಿಯ ವೆಬ್‌ಪುಟದಲ್ಲಿ ಹುಡುಗಿಯರ ವರದಿಯನ್ನು ನನ್ನ ಹೆಸರಿನಲ್ಲೇ ಹಾಕಿದೆ. ಬಂದದ್ದು ನನ್ನ ಮೇಲೆ ಬರಲಿ ಎಂದುಕೊಂಡಿದ್ದೆ. ಸಂಜೆಯೊಳಗೆ ಪ್ರಾಂಶುಪಾಲರು ಪುಟವನ್ನೇ ಮುಚ್ಚಿಸಿದರು. ಬಾಯಿಗೆ ಬಂದಂತೆ ಅವರನ್ನು ಬೈದುಕೊಳ್ಳುತ್ತಾ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಹುಡುಗಿ ಬಂದು ಎದುರಿಗೆ ನಿಂತಳು.

"ನಿಮ್ ಎಸ್ರು ಯಾಕಾಕಿದ್ರಿ ಮೇಡಂ?"

"ನಿನಗೆ ತೊಂದರೆ ಆಗಬಾರದು ಅಂತ."

"ಬಿಸ್ಲಲ್ಲಿ ಅಲೆದೋರು ನಾವಿಬ್ರು. ಫೋನಲ್ಲಿ ಆವಯ್ಯನ ಕೈಲಿ ಅನ್ನಿಸ್ಕೊಂಡೋಳು ನಾನು. ನೀವು ನನ್ ಕೇಳೇ ಇಲ್ಲ."

ಅವಳ ಕಣ್ಣು ಕೆಂಪಾಗಿತ್ತು. ಆ ಇಂಜಿನಿಯರಿನ ಪಾಲಿಗೆ ಅವಳು ಯಾರದೋ ಮಗಳು. ನನ್ನ ಪಾಲಿಗೂ ಅವಳು ಕಾಪಾಡಬೇಕಾದ ಹುಡುಗಿ ಮಾತ್ರವಾಗಿದ್ದಳು, ವರದಿಗಾರ್ತಿಯಾಗಿರಲಿಲ್ಲ. ಅಷ್ಟು ದಿನ ಇಂಜಿನಿಯರ್, ಪ್ರಾಂಶುಪಾಲರ ಮೇಲೆಲ್ಲ ಇದ್ದ ಸಿಟ್ಟು ಮೊದಲ ಸಲ ನನ್ನ ಕಡೆಗೆ ತಿರುಗಿತು.

"ಈಗ ಏನ್ ಮಾಡೋಣ ಹೇಳು" ಎಂದೆ.

"ಪೇಪರ್‌ಗೆ ಕಳಸಿ. ನಮ್ಮಿಬ್ರ ಎಸ್ರಲ್ಲಿ. ಅಪ್ಪನ್ಗೆ ನಾನೇಳ್ಕೊತೀನಿ."

ಗೆಳತಿಯೂ ಒಪ್ಪಿದಳು. ಸ್ಥಳೀಯ ಪತ್ರಿಕೆಯಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿದ್ದರು. ದಾಖಲೆಗಳನ್ನೆಲ್ಲ ಅವರೇ ಮತ್ತೊಮ್ಮೆ ಪರಿಶೀಲಿಸಿ, ಎರಡು ಫೋಟೋಗಳನ್ನು ಪಕ್ಕಪಕ್ಕ ಇಟ್ಟು, ಇಬ್ಬರ ಹೆಸರಿನೊಂದಿಗೆ ಒಳಪುಟದಲ್ಲಿ ಪ್ರಕಟಿಸಿದರು.

ತಿಂಗಳೊಳಗೆ ಮಳವಳ್ಳಿ ಕಡೆಯ ಶಾಲೆಯ ಶೌಚಾಲಯಕ್ಕೆ ಬಾಗಿಲು ಬಂತು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಇಂಜಿನಿಯರ್ ಅದೇ ಕುರ್ಚಿಯಲ್ಲಿ ಉಳಿದರು. ಹುಡುಗಿಯ ತಂದೆ ಬಹಳ ದಿನ ಮಗಳ ಜೊತೆ ಮಾತಾಡಲಿಲ್ಲ. ಆದರೂ ಕಾಲೇಜು ಬಿಡಿಸಲಿಲ್ಲ. ಅವಳೀಗ ಮಂಡ್ಯದಲ್ಲೇ ಪತ್ರಿಕೆಯೊಂದಕ್ಕೆ ಬರೆಯುತ್ತಾಳೆ.

ಮುಂದಿನ ವರ್ಷ ತನಿಖಾ ವರದಿಗಾರಿಕೆಯನ್ನು ನನ್ನಿಂದ ಕಿತ್ತುಕೊಂಡು ಜಾಹೀರಾತು ಕಲಿಸಲು ಕೊಟ್ಟರು. ಕಲಿಸುತ್ತಿದ್ದೇನೆ. ಬಿಡುವಿದ್ದಾಗ ನಾಲ್ಕೈದು ವಿದ್ಯಾರ್ಥಿಗಳು ತಮ್ಮೂರಿನ ಕಾಗದಗಳನ್ನು ಹಿಡಿದು ಬರುತ್ತಾರೆ. ಅವರನ್ನು ಕೂರಿಸಿಕೊಂಡು, ವರದಿ ಯಾರ ಹೆಸರಿನಲ್ಲಿ ಬರಬೇಕು ಎಂದು ಮೊದಲೇ ಕೇಳುತ್ತೇನೆ.